ಏಡಿ ಸಾಹೇಬರು

ಗಂಗೂಬಾಯಿ ಬರುವುದಕ್ಕೆ ರಾಯರ ಆರಾಧನೆಯ ದಿನವೇ ಬೇಕಿತ್ತೇ!

ವ್ಯಾಸರಾಜರ ಮನೆ ತುಂಬ ಜನ. ನಾಗಪುರದ ಕನ್ನಡದವರು, ಬ್ಯಾಂಕಿನವರು, ರೈಲ್ವೆಯವರು, ಎಲ್ಲ ತೀರ್ಥಕ್ಕೆ ಸಾಲುಗಟ್ಟಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಗಟ್ಟಿ ದನಿ: "ಖೇಕಡಾವಾಲೇ ಸಾಹೇಬ ಇಥೇಚ್ ರಾಹತಾತ್ ನಾ?" ಏಡಿಯ ಸಾಹೇಬರು ಇರುವುದು ಇಲ್ಲೇ ತಾನೇ ಎಂದು ಮರಾಠಿಯ ಪ್ರಶ್ನೆ. ಖೇಕಡಾ ಎಂದರೆ ಏಡಿ ಎಂದು ಆ ಊರಲ್ಲಿ ಯಾರಿಗೆ ಗೊತ್ತಿಲ್ಲ? ಸರಕಾರದ ಏಡಿ ವಿಭಾಗದ ಈ ಸಾಹೇಬರು ಈ ಸಲ ಏಡಿ ಹಿಡಿಯುವ ಗಂಗೂಬಾಯಿಯ ಸಂಘದ ಕೋಟಾ ಹೆಚ್ಚಿಸಿದರಲ್ಲ, ಆ ಖುಷಿಗೆ ಹಂಗಾಮಿನ ಮೊದಲ ಏಡಿಗಳನ್ನು ಅವರಿಗೇ ತಂದಿದ್ದಳು. ಬುಟ್ಟಿಯನ್ನು ಹೊಸ್ತಿಲ ಹತ್ತಿರ ಇಳಿಸಿದಳು. ಒಂದು ಏಡಿ ಹೊರಬಿದ್ದು ರಂಗೋಲಿಯ ಮೇಲೆ ಅಡ್ಡಡ್ಡ ನಡೆಯಿತು.

"ಅಲ್ರೀ, ಕೃಷಿ ಖಾತೆ ಅಂತಿದ್ರಲ್ಲ ನೀವು?" ಎಂದರು ಬ್ಯಾಂಕಿನ ಮಧುಸೂದನರಾಯರು. ಯಾರೋ ಕಿಸಕ್ಕೆಂದರು. ಹೆಂಡತಿ ಚಾರುಲತಾ ಹೊಸ್ತಿಲು ತೊಳೆಯಲು ಬಕೆಟ್ ತುಂಬ ನೀರು ತಂದಳು. ಗಂಗೂಬಾಯಿ ಆ ನೀರನ್ನು ನೋಡಿದಳು, ವ್ಯಾಸರಾಜರ ಮುಖ ನೋಡಿದಳು, ಬುಟ್ಟಿ ಎತ್ತಿಕೊಂಡು ಹೋದಳು.

ಆಮೇಲೆ ಅವರಿಗೆ ಹೆಸರೇ ಬಿತ್ತು, ಏಡಿ ಸಾಹೇಬರು. ಸೀತಾಬರ್ಡಿಯ ಪೇಟೆಯಲ್ಲಿ ಗುರುತಿನವರು ಸಿಕ್ಕರೂ ಅದೇ ನಗು. ಅವರಿಗೆ ನಾಚಿಕೆಯಾಗುತ್ತಿತ್ತು. ಮಧುಸೂದನರಾಯರ ನಗುವಿಗೋ, ಆ ಹೆಂಗಸಿನ ನೋಟಕ್ಕೋ ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ. ನಾಚಿಕೊಳ್ಳುವುದಕ್ಕಿಂತ ಸಿಟ್ಟಾಗುವುದು ಸುಲಭ. ಅವರು ಗಂಗೂಬಾಯಿಯ ಮೇಲೆ ಸಿಟ್ಟಾದರು.

ನಾಗಪುರದಂಚಿನ ವಾಡಿಯ ಲಾರಿ ಗೋದಾಮುಗಳನ್ನು ದಾಟಿದರೆ ಆ ಕೆರೆ. ಅಲ್ಲಿ ಏಡಿ ಹಿಡಿಯುವ ಪರವಾನಗಿ ಇದ್ದದ್ದು ಗಂಗೂಬಾಯಿಯ ಸಂಘಕ್ಕೆ ಮಾತ್ರ. ಹಂಗಾಮಿಗೆ ಇಷ್ಟೇ ಬುಟ್ಟಿ, ಅಂಗೈಗಿಂತ ಚಿಕ್ಕದನ್ನು ನೀರಿಗೆ ಬಿಡಬೇಕು, ತತ್ತಿ ಹೊತ್ತ ಹೆಣ್ಣೇಡಿ ಬುಟ್ಟಿಯಲ್ಲಿ ಕಂಡರೆ ಪರವಾನಗಿ ರದ್ದು. ಈ ನಿಯಮಗಳನ್ನೆಲ್ಲ ಪುಸ್ತಕ ಓದಿ ಬರೆದವರು ವ್ಯಾಸರಾಜರೇ. ಒಳ್ಳೆಯ ನಿಯಮಗಳು, ಸುಳ್ಳು ಹೇಳಬಾರದು. ಖಾಲಿಯಾಗುತ್ತಿದ್ದ ಕೆರೆಯಲ್ಲಿ ಮತ್ತೆ ಏಡಿ ತುಂಬಿತ್ತು. ಬರೆದವರು ಮಾತ್ರ ಒಂದು ಏಡಿಯನ್ನೂ ಬಗ್ಗಿ ನೋಡಿದವರಲ್ಲ. ತಪಾಸಣೆಗೆ ಹೋದರೆ ಬುಟ್ಟಿ ಬಿಚ್ಚುವುದು ಸಹಾಯಕ ಉಮಾಪತಿಯ ಕೆಲಸ. ಇವರು ಮೂಗಿಗೆ ಕರವಸ್ತ್ರ ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಧಾರವಾಡದ ಮಡಿವಂತ ಮನೆತನ. ಈರುಳ್ಳಿ ಕೂಡ ಒಳಗೆ ಬಾರದ ಅಡುಗೆಮನೆ.

ಪರವಾನಗಿ ರದ್ದಾಗಿ ಸಂಘ ಹೋದರೆ ಏಡಿಯ ವಿಭಾಗವೇ ಹೋಗುತ್ತದೆ. ವಿಭಾಗ ಹೋದರೆ ತಮ್ಮನ್ನು ಬೀಜದ ವಿಭಾಗಕ್ಕೆ ಹಾಕುತ್ತಾರೆ. ಜೋಳ, ಗೋಧಿ, ತೊಗರಿ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ವಸ್ತುಗಳು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಉಪಾಯ ಹೊಳೆದ ದಿನ ಅವರಿಗೆ ತಮ್ಮ ಬುದ್ಧಿಯ ಬಗ್ಗೆಯೇ ಹೆಮ್ಮೆಯೆನಿಸಿತು. ದೊಡ್ಡ ಅಧಿಕಾರಿ ದೇಚಮ್ಮ ಕೆರೆ ನೋಡಲು ಬರುವವರಿದ್ದರು. ಆ ಬೆಳಿಗ್ಗೆ ಗಂಗೂಬಾಯಿಯ ಬುಟ್ಟಿಯಲ್ಲಿ ತತ್ತಿಯ ಏಡಿಗಳು ಸಿಗಬೇಕು, ಅಷ್ಟೇ. ಯಾರೋ ತಂದು ಹಾಕಿದ್ದಾರೆ ಎಂದು ಅವಳು ಅತ್ತರೆ? ಆ ಕಂಡಿಯನ್ನೂ ಮುಚ್ಚಿದರು. ನೀರಿನಿಂದ ಎತ್ತಿದ್ದನ್ನು ನಾನೇ ನಿಂತು ನೋಡಿದೆ ಎಂದುಬಿಟ್ಟರೆ ಮುಗಿಯಿತು. ಈರುಳ್ಳಿ ತಿನ್ನದವನು ಸುಳ್ಳು ಹೇಳುತ್ತಾನೆಂದು ಯಾರು ನಂಬುತ್ತಾರೆ?

ಕೆರೆಯಲ್ಲಿ ಸಿಕ್ಕ ತತ್ತಿಯ ಏಡಿಗಳನ್ನು ಹೆಂಗಸರು ಆಗಲೇ ನೀರಿಗೆ ಬಿಡುತ್ತಿದ್ದರು. ಹಾಗಾಗಿ ಗುರುತಿನವರಿಲ್ಲದ ಗಾಂಧಿಬಾಗಿನ ಸಗಟು ಪೇಟೆಗೆ ಹೋದರು. ವಾಸನೆಗೆ ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ಅಂಡೇವಾಲೀ? ಮಿಲೇಗೀ ಸಾಬ್. ಸುಬಹ್ ಕೀ ಗಾಡೀ ಕಾ ಮಾಲ್, ಏಕ್‌ದಮ್ ತಾಜಾ," ಎಂದು ವ್ಯಾಪಾರಿ ಬೆಳಗಿನ ಗಾಡಿಯಲ್ಲಿ ಬಂದ ತತ್ತಿಯ ಏಡಿಯೊಂದನ್ನು ತಿರುವಿ ತೋರಿಸಲು ಬಂದ.

"ನಹೀ, ನಹೀ! ಬಾಂಧೋ, ಜಲ್ದಿ!" ಎಂದು ಬೇಗ ಕಟ್ಟಿಕೊಡಲು ಅವಸರಿಸಿ ವ್ಯಾಸರಾಜರು ಮುಖ ತಿರುಗಿಸಿದರು.

ಒದ್ದೆ ಗೋಣಿಚೀಲ ಸ್ಕೂಟರಿನಲ್ಲಿ ಕಾಲ ಬಳಿ ಅಲುಗುತ್ತಿತ್ತು. ದಾರಿಯುದ್ದಕ್ಕೂ ರಾಯರ ಸ್ತೋತ್ರ ಹೇಳಿಕೊಂಡು ಬಂದರು. ಎಂಥ ಕೆಲಸಕ್ಕೆ ಎಂಥ ಸ್ತೋತ್ರ! ಅದು ಅವರಿಗೂ ತಿಳಿದಿತ್ತು.

ಆ ಬೆಳಿಗ್ಗೆ ಹೆಂಗಸರು ಬುಟ್ಟಿಗಳನ್ನು ಏರಿಯ ಮೇಲಿಟ್ಟು ಚಹಾದ ಗಾಡಿಯತ್ತ ಹೋಗಿದ್ದರು. ಕೆಂಪು ಬಟ್ಟೆ ಕಟ್ಟಿದ್ದು ಗಂಗೂಬಾಯಿಯ ಬುಟ್ಟಿ. ವ್ಯಾಸರಾಜರು ಕಣ್ಣು ಮುಚ್ಚಿ ಚೀಲ ಬೋರಲು ಹಾಕಿದರು, ಮೇಲೆ ಎಲೆ ಮುಚ್ಚಿದರು, ಕೈ ತೊಳೆದರು. ಯಾರೂ ನೋಡಲಿಲ್ಲ.

ಆಗ ಗಂಗೂಬಾಯಿ ಗಾಜಿನ ಲೋಟ ಹಿಡಿದ ಚಹಾದವನನ್ನೇ ಕರೆದುಕೊಂಡು ಬಂದಳು. "ತಗೋರಿ ಸಾಹೇಬ," ಎಂದಳು ತನ್ನ ಮರಾಠಿಯಲ್ಲಿ. "ಚಹಾ ಅವನೇ ಹಾಕಿದ್ದು, ಅವನೇ ತಂದದ್ದು. ನಾನು ಮುಟ್ಟಿಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ವ್ಯಾಸರಾಜರಿಗೆ. ಇನ್ನೂ ಹೊತ್ತಿತ್ತು. ಬುಟ್ಟಿ ಕೆರೆಗೆ ಬೋರಲು ಹಾಕಿ, ತಪ್ಪಾಯಿತು ತಾಯಿ ಎನ್ನಬಹುದಿತ್ತು. ಲೋಟ ತೆಗೆದುಕೊಂಡರು, ಕುಡಿದರು. ಅಷ್ಟರಲ್ಲಿ ದೇಚಮ್ಮನವರ ಜೀಪು ಏರಿ ಹತ್ತಿತು.

ಎಲೆ ಸರಿಸಿದ ಉಮಾಪತಿ ಬೆಚ್ಚಿದ. "ಸರ್, ತತ್ತಿ!" ಗಂಗೂಬಾಯಿ ಎದೆಗೆ ಕೈಯಿಟ್ಟುಕೊಂಡಳು. ತಾನಲ್ಲ, ತನ್ನ ಮಕ್ಕಳಾಣೆ ತಾನಲ್ಲ ಎಂದು ಕೂಗಿದಳು. ಹಿಂದೆ ನಿಂತ ಹೆಂಗಸರು ಅಳತೊಡಗಿದರು. ವರ್ಷದ ಅನ್ನ ಆ ಬುಟ್ಟಿಯಲ್ಲಿತ್ತು.

"ನೀವು ನೋಡಿದ್ರಾ?" ದೇಚಮ್ಮ ಕನ್ನಡದಲ್ಲೇ ಕೇಳಿದರು.

"ಕಣ್ಣಾರೆ ನೋಡೀನ್ರಿ ಮೇಡಂ. ಇಕೀನ ಬಲಿ ಎಳದ್ಲು, ಇದೇ ಬುಟ್ಟೀಗೆ ಹಾಕಿದ್ಲು."

"ಇದೇ ಕೆರೆಯಿಂದ?"

"ಇದೇ ಕೆರೀಂದರೀ. ರಾಯರ ಆಣಿ."

ದೇಚಮ್ಮ ಬಗ್ಗಿ ತತ್ತಿಯ ಏಡಿಯೊಂದನ್ನು ಎತ್ತಿದರು. ಪಕ್ಕದ ಬುಟ್ಟಿಯಿಂದ ಕೆರೆಯ ಏಡಿಯೊಂದನ್ನು ಎತ್ತಿ, ಎರಡನ್ನೂ ವ್ಯಾಸರಾಜರ ಮುಖದ ಮುಂದೆ ಹಿಡಿದರು. ಈ ಸಲ ಆಕಾಶ ನೋಡಲು ಆಗಲಿಲ್ಲ. "ನಾನು ಕೊಡಗಿನವಳು, ಗದ್ದೆ ಏಡಿ ತಿಂದೇ ಬೆಳೆದವಳು," ಎಂದರು ಮೆಲ್ಲಗೆ. "ಈ ಕೆರೆ ಏಡಿಗೆ ಕಾಲೆಲ್ಲ ಚೂಪು, ನಡೆಯೋದಕ್ಕೆ. ಇದರ ಹಿಂಗಾಲು ನೋಡಿ, ದೋಣಿ ಹುಟ್ಟಿನ ಹಾಗೆ ಚಪ್ಪಟೆ, ಈಜೋದಕ್ಕೆ. ಇದು ಸಮುದ್ರದ ಏಡಿ, ವ್ಯಾಸರಾಜ್ ಅವರೇ. ಇದನ್ನು ಈ ಕೆರೆಯಿಂದ ಎತ್ತಿದ್ದು ನೀವು ಕಣ್ಣಾರೆ ನೋಡಿದಿರಿ, ಅಲ್ವಾ?" ಬೆಳಗಿನ ಗಾಡಿ ಮುಂಬಯಿಯಿಂದ ಬರುತ್ತದೆ ಎಂಬುದು ವ್ಯಾಸರಾಜರಿಗೆ ಆಗ ನೆನಪಾಯಿತು. ಕನ್ನಡ ತಿಳಿಯದ ಗಂಗೂಬಾಯಿ, "ಕಾಯ್ ಝಾಲಂ, ಸಾಹೇಬ?" ಎಂದು ಏನಾಯಿತೆಂಬುದನ್ನು ಇನ್ನೂ ಅವರನ್ನೇ ಕೇಳುತ್ತಿದ್ದಳು.