ಅಪ್ಪನ ಹೆಡ್‌ಫೋನು

"ಎಲ್ಲ ಟೇಪು ಕಣೇ! ನಿಮ್ಮಪ್ಪ ಟೇಪು ಹಾಕಿ ಟೂರಿಸ್ಟುಗಳಿಗೆ ಟೋಪಿ ಹಾಕ್ತಾರೆ," ಎಂದು ಸಿಂದ್ರೆ ಸೈಕಲ್ ಮೇಲಿಂದಲೇ ಕೂಗಿದ. "ನಮ್ಮಣ್ಣ ಎರಡು ಸಲ ಹೋಗಿದ್ದ. ಎರಡೂ ಸಲ ಹೆಡ್‌ಫೋನಲ್ಲಿ ಅದೇ ಟಿಕ್ ಟಿಕ್!"

"ತಿಮಿಂಗಿಲ ಮತ್ತೇನು, ನಿನ್ನ ಹಾಗೆ ಕಾ ಕಾ ಅನ್ನತ್ತಾ?" ಎಂದಳು ಟೋರುನ್. ಅಂದದ್ದೇನೋ ಅಂದಳು, ಮನಸ್ಸಿನಲ್ಲಿ ಮುಳ್ಳೊಂದು ಉಳಿಯಿತು.

ನಾರ್ವೆಯ ನಮ್ಮ ಆಂಡೆನೆಸ್ ಬಂದರಿನಲ್ಲಿ ತಿಮಿಂಗಿಲವನ್ನು ಮೊದಲು ಹುಡುಕುವುದು ಕಿವಿ, ಆಮೇಲೆ ಕಣ್ಣು. ಉದ್ದನೆಯ ವೈರ್‌ಗೆ ಕಟ್ಟಿದ ಮೈಕನ್ನು ಸಮುದ್ರಕ್ಕೆ ಇಳಿಬಿಟ್ಟು ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಆಳದಲ್ಲಿ ಬೇಟೆಯಾಡುವ ತಿಮಿಂಗಿಲ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆ ಸದ್ದು ನಿಂತರೆ ಅದು ಮೇಲಕ್ಕೆ ಹೊರಟಿತು ಎಂದೇ ಲೆಕ್ಕ. ಟೋರುನ್‌ಳ ಅಪ್ಪ ಹಾಲ್ವಾರ್ ಹಾಗೆ ಕೇಳಿ ಕೇಳಿಯೇ ಹನ್ನೆರಡು ವರ್ಷ ದೋಣಿ ನಡೆಸಿದವನು.

ಶನಿವಾರ ಅವಳೂ ದೋಣಿ ಹತ್ತಿದಳು. ಅಪ್ಪ ಹಗ್ಗ ಬಿಚ್ಚುತ್ತಿದ್ದಾಗ ಚುಕ್ಕಾಣಿ ಕೋಣೆಯ ಡ್ರಾಯರ್ ಎಳೆದಳು. ನಕ್ಷೆಗಳ ಅಡಿಯಲ್ಲಿ ಒಂದು ಪುಟ್ಟ ರೆಕಾರ್ಡರ್. ಗುಂಡಿ ಒತ್ತಿದಳು.

ಟಿಕ್... ಟಿಕ್... ಟಿಕ್...

ಸಿಂದ್ರೆ ಹೇಳಿದ್ದು ನಿಜ! ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿ ಜಿಪ್ ಎಳೆದುಕೊಂಡಳು. ಇವತ್ತು ನೋಡಿಯೇಬಿಡಬೇಕು.

ದೊಡ್ಡ ಪ್ರವಾಸಿ ಹಡಗಿನಿಂದ ಇಳಿದಿದ್ದ ಮೂವತ್ತು ಜನ ದೋಣಿಯ ತುಂಬ ಕೂತಿದ್ದರು. ಒಂದು ಗಂಟೆ ಸಾಗಿದ ಮೇಲೆ ಇಂಜಿನ್ ನಿಂತಿತು. ಅಪ್ಪ ಮೈಕು ಇಳಿಸಿ, ಕೋಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡ. ಕಣ್ಣು ಮುಚ್ಚಿದ, ತಲೆದೂಗಿದ, ಬೆರಳಿನಿಂದ ತಾಳ ಹಾಕಿದ.

ಎಷ್ಟು ನಾಟಕ!

ಟೋರುನ್ ಅವನ ಬೆನ್ನ ಹಿಂದೆ ಹೋಗಿ ಹೆಡ್‌ಫೋನಿನ ಪ್ಲಗ್ ಮೆಲ್ಲಗೆ ಕಿತ್ತಳು. ಅಪ್ಪನ ಬೆರಳು ತಾಳ ಹಾಕುತ್ತಲೇ ಇತ್ತು.

ಅವಳು ಭುಜ ತಟ್ಟಿ, "ಕೇಳಿಸ್ತಿದೆಯಾ?" ಎಂದು ಕಿವಿ ತೋರಿಸಿದಳು.

"ಹ್ಞೂಂ. ಜೋರು ಬೇಟೆ ನಡೆದಿದೆ. ಇನ್ನು ಹತ್ತು ನಿಮಿಷ," ಎಂದ ಅಪ್ಪ, ಗಡಿಯಾರ ನೋಡಿ.

ರೆಕಾರ್ಡರ್ ತನ್ನ ಜೇಬಿನಲ್ಲಿದೆ. ಪ್ಲಗ್ ತನ್ನ ಕೈಯಲ್ಲಿದೆ. ಮತ್ತೆ ಅಪ್ಪನಿಗೆ ಕೇಳಿಸುತ್ತಿರುವುದೇನು?

ಅವಳು ಪ್ಲಗ್ಗನ್ನು ಅವನ ಕಣ್ಣ ಮುಂದೆ ಹಿಡಿದಳು. ಅಪ್ಪನ ಮುಖ ಇಳಿಯಿತು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಚಳಿಗಾಲದಿಂದ ಹೀಗೇ ಪುಟ್ಟಿ. ಮಾತು ಅಷ್ಟಿಷ್ಟು ತಿಳಿಯತ್ತೆ. ಈ ಸಣ್ಣ ಸದ್ದು ಮಾತ್ರ ಇಲ್ಲ."

"ಮತ್ತೆ ಇದು?" ಟೋರುನ್ ರೆಕಾರ್ಡರ್ ತೆಗೆದಳು.

"ಹೋದ ವರ್ಷದ್ದು. ದಿನಾ ಬೆಳಿಗ್ಗೆ ಕಿವಿಗಿಟ್ಟು ನೋಡ್ತೀನಿ, ಕಿವಿ ಏನಾದ್ರೂ ವಾಪಸ್ ಬಂತಾ ಅಂತ."

"ಜನಕ್ಕೆ ಹೇಳೋದು ಹೇಗೆ?"

"ಗಡಿಯಾರ ನೋಡ್ಕೊಂಡು, ಅಂದಾಜಿನ ಮೇಲೆ. ಒಂದೊಂದ್ಸಲ ಸರಿಹೋಗತ್ತೆ."

"ಮೋಸ ಅಲ್ವಾ ಅಪ್ಪ?"

"ಹೌದು," ಎಂದ ಅಪ್ಪ. "ದೋಣಿ ಯಜಮಾನರಿಗೆ ತಿಳಿದ್ರೆ ಇದು ಬೇರೆಯವರ ಕೈಗೆ ಹೋಗತ್ತೆ. ಅದಕ್ಕೇ ಬಾಯಿ ಬಿಡಲಿಲ್ಲ." ಹೆಡ್‌ಫೋನನ್ನು ಪಕ್ಕಕ್ಕಿಟ್ಟ. "ಸಾಯಂಕಾಲ ನಾನೇ ಹೋಗಿ ಅವರಿಗೆ ಹೇಳ್ತೀನಿ."

ಹೊರಗೆ ಒಂದು ಮಗು, ತಿಮಿಂಗಿಲ ಎಲ್ಲಿ ಎಂದು ರಾಗ ಎಳೆಯುತ್ತಿತ್ತು.

ಟೋರುನ್ ಪ್ಲಗ್ ಚುಚ್ಚಿ ಹೆಡ್‌ಫೋನನ್ನು ತನ್ನ ತಲೆಗೇ ಹಾಕಿಕೊಂಡಳು. ಮೊದಲು ಬರೀ ನೀರಿನ ಗೊರಗೊರ. ಆಮೇಲೆ ಎಲ್ಲೋ ಕೆಳಗೆ, ಯಾರೋ ಬಾಗಿಲು ತಟ್ಟಿದಂತೆ, ಟಿಕ್, ಟಿಕ್. ಉಸಿರು ಬಿಗಿಹಿಡಿದು ಕೂತಳು.

ಸದ್ದು ನಿಂತಿತು.

ಅವಳು ಅಪ್ಪನ ತೋಳು ಹಿಂಡಿದಳು. ಅಪ್ಪ ಎದ್ದು ನಿಂತು, "ಬರ್ತಾ ಇದೆ! ಎಲ್ಲರೂ ನೀರು ನೋಡ್ತಾ ಇರಿ!" ಎಂದು ಕೂಗಿದ.

ಕಾದರು. ಬಲಗಡೆ ನೀರು ಸೀಳಿತು. ಬುಸ್ಸೆಂದು ಹೊಗೆಯಂಥ ಉಸಿರು ಮೇಲೆದ್ದಿತು. ಜನ ಕಿರುಚಿದರು.

ಮುದುಕಿಯೊಬ್ಬಳು ಕೋಣೆಯೊಳಗೆ ತಲೆ ಹಾಕಿ, "ಕ್ಯಾಪ್ಟನ್, ಎಂಥಾ ಕಿವಿಯಪ್ಪ ನಿಮ್ಮದು!" ಎಂದಳು.

ಅಪ್ಪ ನಕ್ಕು ತಲೆಯಾಡಿಸಿದ. ಆಮೇಲೆ ಟೋರುನ್ ಕಡೆ ಬಗ್ಗಿ, "ಏನಂದ್ರು?" ಎಂದ.

ಟೋರುನ್ ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದಳು:

"ತಿಮಿಂಗಿಲ ತುಂಬಾ ದೊಡ್ಡದಾಗಿದೆಯಂತೆ."