ಎಂಟು ದೇಶ, ಒಂದೇ ತಲೆ

ತಾತನ ತಲೆ ಸರಿಯಾಗಿ ಕೂರುತ್ತಲೇ ಇರಲಿಲ್ಲ.

ಸ್ವಲ್ಪ ಮೇಲಿಟ್ಟರೆ ಕುತ್ತಿಗೆ ಜಿರಾಫೆಯ ಹಾಗೆ ಉದ್ದವಾಗುತ್ತಿತ್ತು. ಕೆಳಗಿಟ್ಟರೆ ಗಲ್ಲ ಕೋಟಿನ ಕಾಲರಿನೊಳಗೆ ಮುಳುಗಿಹೋಗುತ್ತಿತ್ತು. ಸಮನ್ವಿತಾ ಟ್ಯಾಬಿನ ಮೇಲೆ ಬೆರಳಿಟ್ಟು ತಲೆಯನ್ನು ಅತ್ತ ಇತ್ತ ಸರಿಸುತ್ತಿದ್ದಳು. ಹಿಂದೆ ಐಫೆಲ್ ಟವರ್ ನೆಟ್ಟಗೆ ನಿಂತು ಕಾಯುತ್ತಿತ್ತು.

“ಸ್ವಲ್ಪ ಎಡಕ್ಕೆ ತಗೋ. ಹಾಗೇ ಆ ಹೊಟ್ಟೆ ಒಂಚೂರು ಕಮ್ಮಿ ಮಾಡಕ್ಕಾಗತ್ತಾ ನೋಡು,” ಎಂದರು ತಾತ, ಸೋಫಾದ ಹಿಂದಿನಿಂದ ಬಗ್ಗಿ.

ಹೊಟ್ಟೆ ತಾತನದಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರೋ ಪುಣ್ಯಾತ್ಮರದು. ತಲೆ ಮಾತ್ರ ತಾತನದು. ಅದನ್ನು ಸಮನ್ವಿತಾ ತನ್ನ ಸೋದರಮಾವನ ಮಗನ ಉಪನಯನದ ಫೋಟೊದಿಂದ ಕತ್ತರಿಸಿ ತಂದಿದ್ದಳು. ತಾತ ಕ್ಯಾಮೆರಾ ನೋಡಿ ನಕ್ಕ ಫೋಟೊ ಮನೆಯಲ್ಲಿ ಇದ್ದದ್ದು ಅದೊಂದೇ.

ಹಾಗಂತ ಅವರು ಪ್ಯಾರಿಸ್ಸಿಗೆ ಹೋಗಿಯೇ ಇರಲಿಲ್ಲ ಎಂದಲ್ಲ. ಹೋಗಿದ್ದರು. ಜಯನಗರದ ಸೇತುರಾಮ ತಾತ, ಸೀತಾಲಕ್ಷ್ಮಿ ಅಜ್ಜಿ, ಐದನೇ ಕ್ಲಾಸು ಮುಗಿಸಿದ ಸಮನ್ವಿತಾ, ಮೂವರೂ ಬೇಸಿಗೆ ರಜೆಯಲ್ಲಿ ಟೂರಿನವರ ಜೊತೆ ಹನ್ನೊಂದು ದಿನದಲ್ಲಿ ಏಳು ದೇಶ ಮುಗಿಸಿ ಬಂದಿದ್ದರು. ‘ಮುಗಿಸಿ’ ಎನ್ನುವುದು ತಾತನದೇ ಮಾತು. ಅಪ್ಪ ಅಮ್ಮನಿಗೆ ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮರುಳಸಿದ್ದಪ್ಪನವರು. ಬನಶಂಕರಿಯಲ್ಲಿ ಅವರದು ಪಾತ್ರೆ ಅಂಗಡಿ. ತಾತನ ಜೊತೆ ದಿನಾ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದರು. ಪಾರ್ಕಿನವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದರು. ಒಂದು ವಾರ ದುಬೈ ನೋಡಿ ಬಂದ ಮರುಳಸಿದ್ದಪ್ಪನವರು ಆ ಗ್ರೂಪಿನಲ್ಲಿ ನಲವತ್ತು ದಿನ ಫೋಟೊ ಹಾಕಿದ್ದರು. ಒಂಟೆಯ ಪಕ್ಕ, ಒಂಟೆಯ ಮೇಲೆ, ಒಂಟೆ ಎದ್ದು ಹೋದ ಮೇಲೆ ಅದು ಕೂತಿದ್ದ ಜಾಗದಲ್ಲಿ. ನಲವತ್ತು ದಿನವೂ ತಾತ ಹೆಬ್ಬೆರಳಿನ ಚಿತ್ರ ಒತ್ತಿದ್ದರು. ನಲವತ್ತು ದಿನವೂ ಅವರ ಹೊಟ್ಟೆ ಉರಿದಿತ್ತು.

ಹಾಗಾಗಿ ಟೂರಿನಲ್ಲಿ ಸಮನ್ವಿತಾಳಿಗೆ ಒಂದೇ ಕೆಲಸ. ಬಸ್ಸು ನಿಲ್ಲುತ್ತಿತ್ತು. ತಾತ ಇಳಿಯುತ್ತಿದ್ದರು. ಆ ಊರಿನ ಹೆಸರಾಂತ ಕಟ್ಟಡಕ್ಕೋ ಬೆಟ್ಟಕ್ಕೋ ಬೆನ್ನು ಹಾಕಿ ನಿಲ್ಲುತ್ತಿದ್ದರು. ಸಮನ್ವಿತಾ ಕ್ಲಿಕ್ ಮಾಡುತ್ತಿದ್ದಳು. ಬಸ್ಸು ಹೊರಡುತ್ತಿತ್ತು. ಹಿಂದೆ ಏನಿದೆ ಎಂದು ತಾತ ಒಮ್ಮೆಯೂ ತಿರುಗಿ ನೋಡಲಿಲ್ಲ. ಊರಿಗೆ ಹೋದ ಮೇಲೆ ಫೋಟೊದಲ್ಲಿ ನಿಧಾನವಾಗಿ ನೋಡೋಣ ಎನ್ನುತ್ತಿದ್ದರು.

ಎಂಟನೇ ದಿನ ಸ್ವಿಟ್ಜರ್ಲೆಂಡಿನ ಒಂದು ಸರೋವರದಲ್ಲಿ ದೋಣಿಯ ಮೇಲಿದ್ದಾಗ, ಬೆಟ್ಟ ಪೂರ್ತಿ ಬರಬೇಕು, ಇನ್ನೂ ಹಿಂದೆ ಹೋಗು, ಇನ್ನೂ ಹಿಂದೆ ಹೋಗು ಎಂದು ತಾತ ಹೇಳುತ್ತಲೇ ಇದ್ದರು. ಸಮನ್ವಿತಾಳ ಬೆನ್ನು ಕಂಬಿಗೆ ಬಡಿಯಿತು. ತಾತನ ಫೋನು ಕೈಜಾರಿತು. ಸಾವಿರದ ಆರುನೂರು ಫೋಟೊ ನೀರಿನ ಪಾಲಾದವು.

ಅಜ್ಜಿ ಮೊದಲು ಮೊಮ್ಮಗಳು ದೋಣಿಯ ಒಳಗೇ ಇದ್ದಾಳೆಯೇ ಎಂದು ಮುಟ್ಟಿ ನೋಡಿದರು. ಆಮೇಲೆ, ಹೋಗಿದ್ದು ಫೋನು ತಾನೇ ಎಂದರು. ಉಳಿದ ಮೂರು ದಿನ ತಾತ ಬಸ್ಸಿನಿಂದ ಇಳಿಯಲೂ ಇಲ್ಲ. ಫೋನೇ ಇಲ್ಲದ ಮೇಲೆ ಇಳಿದು ಮಾಡುವುದೇನು ಎಂದು ಕಣ್ಣು ಮುಚ್ಚಿ ಕೂತುಬಿಟ್ಟರು.

ಫೋಟೊಗಳು ಎಲ್ಲಿಯೂ ಉಳಿದಿರಲಿಲ್ಲ. ಫೋಟೊ ತಂತಾನೇ ಕ್ಲೌಡಿಗೆ ಹೋಗುತ್ತದೆ ಎಂದು ಅಪ್ಪ ಮೊದಲೇ ಹೇಳಿಕೊಟ್ಟಿದ್ದರು. ನನ್ನ ಫೋಟೊ ನನ್ನ ಹತ್ತಿರ ಇರಲಿ, ಮೋಡಕ್ಕೆ ಯಾಕೆ ಎಂದು ತಾತ ಅದನ್ನು ಆಫ್ ಮಾಡಿಸಿದ್ದರು. ಬಸ್ಸಿನಲ್ಲಿದ್ದ ಬೇರೆಯವರನ್ನು ಕೇಳಿದಾಗ ಅವರೆಲ್ಲ ತಮ್ಮ ತಮ್ಮ ಮುಖಗಳನ್ನೇ ಕಳಿಸಿದರು. ಒಂದರಲ್ಲಿ ಮಾತ್ರ ಮೂಲೆಯಲ್ಲಿ ತಾತನ ಮೊಣಕೈ ಇತ್ತು. ಮೊಣಕೈಗೆ ಯಾರು ಲೈಕ್ ಕೊಡುತ್ತಾರೆ?

ಬೆಂಗಳೂರಿಗೆ ಬಂದ ಮೂರನೇ ದಿನ ತಾತ ಹೊಸ ಫೋನು ಹಿಡಿದು ಸಮನ್ವಿತಾಳ ಪಕ್ಕ ಕೂತರು. ನಾವು ಹೋಗಿದ್ದು ನಿಜ ತಾನೇ, ನಿಜ ಇರುವುದನ್ನೇ ತೋರಿಸಿದರೆ ಅದು ಸುಳ್ಳಾಗುವುದಿಲ್ಲ ಎಂದು ವಿವರಿಸಿದರು. ಫೋನು ಬೀಳಿಸಿದವಳು ತಾನು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ಆರೂವರೆಗೆ ಐಫೆಲ್ ಟವರ್ ಗ್ರೂಪಿಗೆ ಹೋಯಿತು. ಎಂಟು ಗಂಟೆಯೊಳಗೆ ಮೂವತ್ತೊಂದು ಹೆಬ್ಬೆರಳು, ಹನ್ನೆರಡು ಜೋಡಿಸಿದ ಕೈ, ಎರಡು ಗುಲಾಬಿ ಬಂದವು. ಮರುಳಸಿದ್ದಪ್ಪನವರು ‘ಸೂಪರ್ ಸಾರ್’ ಎಂದು ಬರೆದರು. ಆ ದಿನ ತಾತ ಎರಡು ದೋಸೆ ಹೆಚ್ಚು ತಿಂದರು.

ಮೊದಲೆರಡು ದಿನ ಸಮನ್ವಿತಾಳಿಗೆ ಇರುಸುಮುರುಸಾಯಿತು. ಮೂರನೇ ದಿನದಿಂದ ಅವಳಿಗೂ ರುಚಿ ಹತ್ತಿತು. ತಾತನ ಕೆನ್ನೆಗೆ ಬಿಸಿಲು ಬೀಳಿಸುವುದನ್ನು ಕಲಿತಳು. ನೆಲದ ಮೇಲೆ ನೆರಳು ಎಳೆಯುವುದನ್ನು ಕಲಿತಳು. ಯಾರದೋ ಭುಜದ ಮೇಲೆ ತಾತನ ನಗು ಎಷ್ಟು ಚೆನ್ನಾಗಿ ಕೂತಿದೆ ಎಂದು ತಾನೇ ಮೆಚ್ಚಿಕೊಂಡಳು. ಅಜ್ಜಿ ಒಂದರಲ್ಲೂ ಇಲ್ಲವಲ್ಲ ಎಂದು ತಾತ ಹೇಳಿದಾಗ, ಐಫೆಲ್ ಟವರಿನ ತುತ್ತತುದಿಯಲ್ಲಿ ಅಜ್ಜಿಯನ್ನೂ ನಿಲ್ಲಿಸಿಬಿಟ್ಟಳು.

ಎರಡು ದಿನ ಬಿಟ್ಟು ಅಜ್ಜಿ ಸೊಪ್ಪಿನ ಚೀಲ ಹಿಡಿದು ಮಾರ್ಕೆಟ್ಟಿನಿಂದ ಬಂದರು. ಅಲ್ಲಿ ಮರುಳಸಿದ್ದಪ್ಪನವರ ಹೆಂಡತಿ ಮೀನಾಕ್ಷಮ್ಮ ಸಿಕ್ಕಿದ್ದರಂತೆ. ಅಷ್ಟು ಎತ್ತರದಲ್ಲಿ ಚೂರೂ ಹೆದರದೆ ನಿಂತಿದ್ದೀರಲ್ಲ ಎಂದು ಹೊಗಳಿದರಂತೆ. ಅಜ್ಜಿ ಆ ಫೋಟೊ ತೋರಿಸು ಎಂದರು. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ನಾನು ಅಲ್ಲಿರ್ಲಿಲ್ಲ ಮರಿ,” ಎಂದರು. “ನಾನು ಕೆಳಗಿದ್ದೆ.”

ಬೈಯಲಿಲ್ಲ. ಟ್ಯಾಬ್ ವಾಪಸು ಕೊಟ್ಟು ಸೊಪ್ಪು ಬಿಡಿಸಲು ಹೋದರು. ಅಜ್ಜಿಗೆ ಎತ್ತರ ಎಂದರೆ ತಲೆ ಸುತ್ತುತ್ತದೆ. ಸಮನ್ವಿತಾಳೂ ತಾತನೂ ಟವರ್ ಹತ್ತಿ ಇಳಿಯುವವರೆಗೂ ಅವರು ಕೆಳಗೆ ಒಬ್ಬರೇ ಕೂತಿದ್ದರು. ಎರಡು ಗಂಟೆ ಹೊತ್ತು ಏನು ಮಾಡಿದರು ಎಂದು ಸಮನ್ವಿತಾ ಆವತ್ತು ಕೇಳಿರಲಿಲ್ಲ. ಈಗ ಕೇಳೋಣ ಎಂದು ಎದ್ದಳು. ಅಷ್ಟರಲ್ಲಿ ತಾತ ಲಂಡನ್ನಿನ ಗಡಿಯಾರದ ಗೋಪುರ ಹುಡುಕು ಎಂದು ಕರೆದರು.

“ಲಂಡನ್ನಿಗೆ ನಾವು ಹೋಗೇ ಇಲ್ಲ ತಾತ.”

“ಏಳು ಆಯ್ತಲ್ಲ. ಎಂಟಾದ್ರೆ ಏನಾಗತ್ತೆ? ಅಲ್ಲೇ ಪಕ್ಕದಲ್ಲೇ ತಾನೇ ಅದು.”

ಆ ಭಾನುವಾರ ಮರುಳಸಿದ್ದಪ್ಪನವರು ಪಾರ್ಕಿನವರನ್ನೆಲ್ಲ ಮನೆಗೆ ತಿಂಡಿಗೆ ಕರೆದರು. ಅವರ ಮನೆಯಲ್ಲಿ ಹೊಸ ಟಿ.ವಿ. ಬಂದಿತ್ತು. ಅರ್ಧ ಗೋಡೆ ಅದೇ ಇತ್ತು. ಇಡ್ಲಿ ತಿನ್ನುತ್ತಾ ಸೇತುರಾಮ್ ಸಾರ್ ಅವರ ಯೂರೋಪನ್ನು ದೊಡ್ಡದಾಗಿ ನೋಡೋಣ ಎಂದು ಅವರು ಫೋನನ್ನು ಟಿ.ವಿ.ಗೆ ಜೋಡಿಸಿದರು. ತಾತ ಮುಂದಿನ ಕುರ್ಚಿಯಲ್ಲಿ ಕೂತರು.

ಐಫೆಲ್ ಟವರ್ ಬಂತು. ಎಲ್ಲರೂ ವಾಹ್ ಎಂದರು. ಟ್ಯಾಬಿನಲ್ಲಿ ದ್ರಾಕ್ಷಿಯಷ್ಟಿದ್ದ ತಾತನ ತಲೆ ಇಲ್ಲಿ ಕುಂಬಳಕಾಯಿಯಷ್ಟಿತ್ತು. ಮರುಳಸಿದ್ದಪ್ಪನವರ ಮೊಮ್ಮಗ ಚಿರಂತ್ ನಾಲ್ಕನೇ ಕ್ಲಾಸಿನವನು. ಇಡ್ಲಿ ತಟ್ಟೆ ಹಿಡಿದುಕೊಂಡೇ ಟಿ.ವಿ. ಹತ್ತಿರ ಹೋಗಿ ನಿಂತ.

“ಅಜ್ಜ, ಈ ತಾತನ ತಲೇಲಿ ಏನೋ ಇದೆ.”

ಮರುಳಸಿದ್ದಪ್ಪನವರು ಟಿ.ವಿ. ಮೇಲಿನ ಧೂಳು ಎಂದುಕೊಂಡು ಟವೆಲಿನಿಂದ ಒರೆಸಿದರು. ಹೋಗಲಿಲ್ಲ. ಮುಂದಿನ ಫೋಟೊ ಹಾಕಿದರು. ಹಿಮದ ಬೆಟ್ಟ. ಅಲ್ಲೂ ಇತ್ತು. ಮುಂದಿನದು ಗಾಳಿಯಂತ್ರ. ಅಲ್ಲೂ ಇತ್ತು. ಬಲಗಿವಿಯ ಮೇಲೆ, ನರೆಗೂದಲಿನ ನಡುವೆ, ಮೂರು ಅಕ್ಕಿಕಾಳು. ಅರಿಶಿನ ಹಚ್ಚಿದ ಅಕ್ಕಿಕಾಳು.

“ಅಕ್ಷತೆ,” ಎಂದ ಚಿರಂತ್. ಅಷ್ಟರಲ್ಲಿ ಮುಂದಿನ ಫೋಟೊ ಬಂತು. “ಲಂಡನ್ನಲ್ಲೂ ಇದೆ ನೋಡಿ. ನಗೋದೂ ಒಂದೇ ಥರ ಇದೆ.”

ಯಾರೂ ತಕ್ಷಣ ನಗಲಿಲ್ಲ. ಆಮೇಲೆ ಯಾರೋ ಒಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

“ಪರವಾಗಿಲ್ಲ ಬಿಡಿ ಸಾರ್,” ಎಂದರು ಮರುಳಸಿದ್ದಪ್ಪನವರು ಬಹಳ ಮೆತ್ತಗೆ. “ಯೂರೋಪಿನೋರೂ ಹಿರಿಯರಿಗೆ ಅಕ್ಷತೆ ಹಾಕ್ತಾರೆ ಅಂತ ಇವತ್ತು ಗೊತ್ತಾಯ್ತು.”

ಈಗ ನಗು ತಡೆಯುವವರೇ ಇರಲಿಲ್ಲ. ತಾತನ ಕಿವಿ ಕೆಂಪಾಯಿತು. ಅವರು ಅತ್ತ ಇತ್ತ ನೋಡಿದರು. ಕಡೆಗೆ ಅವರ ಕಣ್ಣು ಸಮನ್ವಿತಾಳ ಮೇಲೆ ನಿಂತಿತು.

“ನಮ್ಮ ಹುಡುಗಿ ಟ್ಯಾಬಲ್ಲಿ ಏನೇನೋ ಆಡ್ತಿರ್ತಾಳೆ. ನಂಗೆ ಗೊತ್ತೇ ಆಗ್ಲಿಲ್ಲ ನೋಡಿ,” ಎಂದರು.

ಸಮನ್ವಿತಾಳ ಬಾಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು. ಇಲ್ಲ ಎನ್ನಬೇಕು. ಹೌದು, ಮಾಡಿದ್ದು ನಾನೇ. ಆದರೆ ಇಲ್ಲ. ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಅವಳು ತಟ್ಟೆ ನೋಡುತ್ತಾ ಕೂತಳು. ಚಟ್ನಿ ಮಂಜುಮಂಜಾಯಿತು.

“ಮಗು ಮೇಲೆ ಹಾಕ್ಬೇಡಿ.”

ಅದು ಅಜ್ಜಿಯ ದನಿ. ಜೋರಾಗೇನೂ ಇರಲಿಲ್ಲ.

“ಫೋನು ನೀರಿಗೆ ಬಿತ್ತು, ಫೋಟೊ ಎಲ್ಲ ಹೋಯ್ತು. ಇವನ್ನೆಲ್ಲ ನೀವೇ ಪಕ್ಕದಲ್ಲಿ ಕೂತು ಮಾಡಿಸಿದ್ದು.”

ಮೀನಾಕ್ಷಮ್ಮ ಎಲ್ಲರಿಗೂ ಸಾಂಬಾರು ಬಡಿಸತೊಡಗಿದರು. ಬೇಡ ಎಂದವರಿಗೂ ಬಡಿಸಿದರು. ಕೊನೆಗೆ ಏನಾದರೂ ಮಾತಾಡಬೇಕಲ್ಲ ಎಂದು, ಹಾಗಾದರೆ ನೀವು ನಿಜವಾಗಿ ಏನು ನೋಡಿದಿರಿ ಹೇಳಿ ಎಂದು ಅಜ್ಜಿಯನ್ನು ಕೇಳಿದರು.

ಅಜ್ಜಿ ಸ್ವಲ್ಪ ಯೋಚಿಸಿ ಹೇಳತೊಡಗಿದರು. ಟವರಿನ ಕೆಳಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಒಬ್ಬ ಮುದುಕಿ ಉಲ್ಲನ್ನಿನಲ್ಲಿ ಕಾಲುಚೀಲ ಹೆಣೆಯುತ್ತಿದ್ದಳಂತೆ. ಅಜ್ಜಿ ಚೀಲದಿಂದ ಕೋಡುಬಳೆ ತೆಗೆದು ಕೊಟ್ಟರಂತೆ. ಅವಳು ಮೊದಲು ಅದನ್ನು ಬೆರಳಿಗೆ ಹಾಕಿಕೊಂಡಳಂತೆ. ಆಮೇಲೆ ಕಚ್ಚಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು ಇನ್ನೊಂದಕ್ಕೆ ಕೈ ಚಾಚಿದಳು. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು ಬಾರದು. ಎರಡು ಗಂಟೆಯಲ್ಲಿ ಅವಳು ಅಜ್ಜಿಗೆ ಕಾಲುಚೀಲದ ಹಿಮ್ಮಡಿ ತಿರುಗಿಸುವುದನ್ನು ಕಲಿಸಿಯೇಬಿಟ್ಟಳು.

ಆ ಸರೋವರದ ಊರಿನಲ್ಲಿ ಒಂದು ಹಳೆಯ ಮರದ ಸೇತುವೆ ಇತ್ತು. ಅದಕ್ಕೆ ಹೆಂಚಿನ ಸೂರು. ಸೂರಿನ ಅಡಿಯಲ್ಲಿ ಉದ್ದಕ್ಕೂ ಮೂರು ಮೂಲೆಯ ಚಿತ್ರಗಳು. ಕೆಲವು ಸುಟ್ಟು ಕಪ್ಪಾಗಿದ್ದವು ಎಂದು ಅಜ್ಜಿ ಹೇಳಿದರು.

ಸಮನ್ವಿತಾ ತಲೆಯೆತ್ತಿದಳು. ಆ ಸೇತುವೆಯ ಮೇಲೆ ಅವಳೂ ನಡೆದಿದ್ದಳು. ಅಲ್ಲಿ ತಾತನ ಫೋಟೊ ಅರವತ್ತು ತೆಗೆದಿದ್ದಳು. ಚಿತ್ರಗಳಿದ್ದವೇ? ಸೂರಿತ್ತೇ? ಅವಳಿಗೆ ನೆನಪಿಗೆ ಬಂದದ್ದು ತಾತನ ನಗು ಮತ್ತು ಪರದೆಯ ಮೂಲೆಯಲ್ಲಿ ಕೆಂಪಗಾಗುತ್ತಿದ್ದ ಬ್ಯಾಟರಿ.

ಇಡ್ಲಿ ಆರಿಹೋದರೂ ಎಲ್ಲರೂ ಕೇಳುತ್ತಾ ಕೂತಿದ್ದರು. ಚಿರಂತ್ ತನ್ನ ಅಜ್ಜನ ಶರ್ಟು ಎಳೆದ.

“ಅಜ್ಜ, ನಾವು ದುಬೈನಲ್ಲಿ ಏನ್ ನೋಡಿದ್ವಿ?”

“ನೋಡಿದೀವಲ್ಲ ಎಲ್ಲಾನೂ. ಆ ಎತ್ತರದ ಬಿಲ್ಡಿಂಗು…” ಮರುಳಸಿದ್ದಪ್ಪನವರು ಮೇಲೆ ನೋಡಿದರು, ಕೆಳಗೆ ನೋಡಿದರು. “ಫೋನಲ್ಲಿದೆ, ಇರು ತೋರಿಸ್ತೀನಿ.”

ಈ ಸಲ ಕೆಮ್ಮಿದ್ದು ಮೀನಾಕ್ಷಮ್ಮ. ಮರುಳಸಿದ್ದಪ್ಪನವರು ರಿಮೋಟ್ ಹುಡುಕಿ ಟಿ.ವಿ. ಆಫ್ ಮಾಡಿದರು.

ಮನೆಗೆ ಮೂರೇ ಕ್ರಾಸ್. ನಡೆದೇ ಹೊರಟರು. ತಾತ ಹತ್ತು ಹೆಜ್ಜೆ ಮುಂದೆ ಒಬ್ಬರೇ ಹೋಗುತ್ತಿದ್ದರು. ಸಮನ್ವಿತಾ ಅಜ್ಜಿಯ ಕೈ ಹಿಡಿದಿದ್ದಳು. ಅವಳಿಗೆ ತಾತನ ಬೆನ್ನು ನೋಡಲೂ ಕೋಪ ಬರುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ ಅಂತೆ.

ತಾನು ಏನಾದರೂ ನೋಡಿದ್ದೆನೇ ಎಂದು ಅವಳು ಹುಡುಕಿದಳು. ಮೊದಲ ಎಂಟು ದಿನದ್ದು ಏನೂ ಸಿಗಲಿಲ್ಲ. ಎರಡನೇ ಕ್ರಾಸಿನ ಹತ್ತಿರ ಒಂದು ಸಿಕ್ಕಿತು.

“ಅಜ್ಜಿ, ಇಟಲೀಲಿ ಒಂದು ಸಂದೀಲಿ ಬಸ್ಸು ಸಿಕ್ಕಾಕೊಂಡಿತ್ತಲ್ಲ, ನೀವು ನೀರು ತರಕ್ಕೆ ಇಳಿದಿದ್ರಿ. ಆಗ ಮೂರನೇ ಮಹಡಿಯಿಂದ ಒಬ್ಬ ಆಂಟಿ ಹಗ್ಗ ಕಟ್ಟಿ ಬುಟ್ಟಿ ಇಳಿಸಿದ್ರು. ಕೆಳಗೆ ತರಕಾರಿಯವನು ಅದಕ್ಕೆ ಟೊಮೆಟೊ ಹಾಕಿ ಆ ಕಡೆ ತಿರುಗಿದ. ಅಷ್ಟರಲ್ಲಿ ಒಂದು ಬೆಕ್ಕು ಬಂದು ಬುಟ್ಟೀಲಿ ಕೂತ್ಕೊಂಡ್ಬಿಡ್ತು.”

ಹೇಳುತ್ತಾ ಹೇಳುತ್ತಾ ಎಲ್ಲವೂ ಎದುರಿಗೆ ಬಂದವು. ನೀಲಿ ಹಗ್ಗ. ಬೆಕ್ಕಿನ ಒಂದು ಕಿವಿ ಹರಿದಿದ್ದದ್ದು. ಆ ಆಂಟಿ ಇಷ್ಟು ಭಾರ ಯಾಕೆ ಎಂದು ಹಗ್ಗ ಎಳೆಯುತ್ತಾ ಗೊಣಗಿದ್ದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಹೇಳುವಂಥದ್ದು ಎಂದು ಆಗ ಅನಿಸಿಯೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ತಾತ ಕಣ್ಣು ಮುಚ್ಚಿ ಕೂತಿದ್ದರು.

“ಆಮೇಲೆ?” ಎಂದು ಅಜ್ಜಿ ಕೇಳಿದರು.

ಮುಂದೆ ತಾತನ ನಡಿಗೆ ನಿಧಾನವಾಗಿತ್ತು. ಅವರು ತಿರುಗಲಿಲ್ಲ. ಒಂದು ಗೇಟಿನ ಪಕ್ಕ ನಿಂತು, ಸರಿಯಾಗೇ ಇದ್ದ ಚಪ್ಪಲಿಯನ್ನು ಸರಿಮಾಡಿಕೊಳ್ಳುತ್ತಾ ಇದ್ದರು. ಹತ್ತು ಹೆಜ್ಜೆಯ ದೂರ ಆರಾಯಿತು.

ಸಮನ್ವಿತಾ ನೋಡಿದಳು. ಕೋಪ ಇನ್ನೂ ಹೋಗಿರಲಿಲ್ಲ. ಆದರೂ ಆ ಆರು ಹೆಜ್ಜೆ ದಾಟಿ ಕೇಳಿಸುವಷ್ಟು ದನಿಯನ್ನು ಏರಿಸಿಕೊಂಡು, ಬುಟ್ಟಿ ಮೇಲೆ ತಲುಪಿದಾಗ ಏನಾಯಿತು ಎಂದು ಹೇಳತೊಡಗಿದಳು.