ಚಿಕ್ಕಪ್ಪನ ಚುಚ್ಚುಮದ್ದು

ಸೋಮವಾರ ಚಿಕ್ಕಪ್ಪನಿಗೆ ಜ್ವರ ಬಂತು. ಮಂಗಳವಾರ ಅದು ಮೂತ್ರದ ಸೋಂಕೆಂದು ತಿಳಿಯಿತು. ಬುಧವಾರ ಬೆಳಿಗ್ಗೆ ದಿಂಬಿಗೊರಗಿ ಕುಳಿತು, ತನ್ನ ನಂತರ ಈ ಮನೆ ಸಂಗೀತಶಾಲೆಗೆ ಸೇರಲಿ, ಪೂರ್ತಿ ಚೇತರಿಸಿಕೊಂಡೊಡನೆ ವಕೀಲರನ್ನು ಕರೆಸುತ್ತೇನೆ ಎಂದು ಅವರು ಹೇಳಿದರು.

"ನೀನು ಓದಿದವಳು ಪುಟ್ಟಿ, ಎಲ್ಲಿ ಬೇಕಾದ್ರೂ ಬದುಕ್ತೀಯ. ಈ ಪಿಯಾನೋಗಳಿಗೆ ಯಾರಿದ್ದಾರೆ?"

ನನಗೆ ಯಾರಿದ್ದಾರೆ ಎಂದು ಅವಳು ಕೇಳಲಿಲ್ಲ. "ಹಾಲು ಆರಿಹೋಗುತ್ತೆ, ಕುಡೀರಿ," ಎಂದಳು.

ತಂದೆಯ ಹಿಂದೆಯೇ ತಾಯಿಯೂ ತೀರಿಕೊಂಡ ಮೇಲೆ ಅವಳು ಈ ಮನೆಗೆ ಬಂದವಳು. ಚಿಕ್ಕಪ್ಪ ಪಿಯಾನೋಗಳ ಶ್ರುತಿ ಸರಿಪಡಿಸುವವರು. ಅವರು ಕೆಲಸಕ್ಕೆ ಕುಳಿತರೆ ಮನೆಯಲ್ಲಿ ಪಿಸುಮಾತೂ ಕೂಡದು. ಗೆಳತಿಯರು ಬರುವುದನ್ನು ಬಿಟ್ಟರು. ಬಂದ ಸಂಬಂಧಗಳು ಬಂದ ದಾರಿಯನ್ನೇ ಹಿಡಿದವು. ಉಳಿದದ್ದು ಮಹಡಿಯ ಕೋಣೆ, ಅದರ ಒಂದು ಕಿಟಕಿ. ವಕೀಲರು ಬರುವ ಮೊದಲು ಚಿಕ್ಕಪ್ಪ ಇಲ್ಲವಾದರೆ ಮನೆ ತಾನಾಗಿ ಅವಳದಾಗುತ್ತಿತ್ತು, ಬೇರೆ ವಾರಸುದಾರರಿರಲಿಲ್ಲ.

ವಯಸ್ಸಾದ ರೋಗಿಗಳಿಗೆ ಬರೆದ ಆ್ಯಂಟಿಬಯಾಟಿಕ್ ಅನ್ನು ಅವರ ಮೂತ್ರಪಿಂಡ ತಾಳುವುದೇ ಎಂದು ಪರಿಶೀಲಿಸುವುದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅವಳ ಕೆಲಸ. ಸೊರಗಿದ ದೇಹದಲ್ಲಿ ರಕ್ತಪರೀಕ್ಷೆಯ ಅಂಕಿ ಚೆನ್ನಾಗಿ ಕಂಡರೂ ಮೂತ್ರಪಿಂಡ ಸೋತಿರಬಹುದೆಂದು ಅವಳು ಯುವವೈದ್ಯರನ್ನು ಎಷ್ಟೋ ಬಾರಿ ಎಚ್ಚರಿಸಿದ್ದಳು. "ಅಕ್ಕ, ನೀವಿಲ್ಲದಿದ್ರೆ ನಮ್ಮ ಕತೆ ಮುಗೀತಿತ್ತು," ಎಂದು ಅವರು ನಗುತ್ತಿದ್ದರು. ಆಮೇಲೆ ಗುಂಪಾಗಿ ಊಟಕ್ಕೆ ಹೋಗುತ್ತಿದ್ದರು, ಅವಳನ್ನು ಕರೆಯದೆ.

ವೈದ್ಯೆ ಚಿಕ್ಕಪ್ಪನಿಗೆ ಬರೆದದ್ದು ಸೆಫ್ಟ್ರಿಯಾಕ್ಸೋನ್, ಮೂತ್ರಪಿಂಡಕ್ಕೆ ಹೊರೆಯಾಗದ ಔಷಧ. ದಿನಕ್ಕೊಂದು ಚುಚ್ಚುಮದ್ದು, ಮನೆಯಲ್ಲೇ, ಅವಳ ಕೈಯಿಂದ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಅವಳು ಸಿರಿಂಜಿಗೆ ತುಂಬಿದ್ದು ಜೆಂಟಾಮೈಸಿನ್. ಅದೂ ಸೋಂಕನ್ನು ಕೊಲ್ಲುತ್ತದೆ. ಜ್ವರ ಇಳಿಯುವುದರಿಂದ ಯಾರಿಗೂ ಅನುಮಾನ ಬಾರದು. ಆದರೆ ಅದರ ಹೊರೆಗೆ ಚಿಕ್ಕಪ್ಪನಂಥ ಬಡಕಲು ಮೈಯ ಮೂತ್ರಪಿಂಡ ಸದ್ದಿಲ್ಲದೆ ಕೈಚೆಲ್ಲುತ್ತದೆ, ತಪ್ಪು ಸೋಂಕಿನ ತಲೆಯ ಮೇಲೆ ಬೀಳುತ್ತದೆ. ಬರೆಯದ ಔಷಧವನ್ನು ರಕ್ತದಲ್ಲಿ ಯಾರು ಹುಡುಕುತ್ತಾರೆ?

"ನಿನ್ನ ಕೈ ಹಗುರ ಪುಟ್ಟಿ. ಸೂಜಿ ಹೋಗಿದ್ದೇ ಗೊತ್ತಾಗ್ಲಿಲ್ಲ," ಎಂದು ಚಿಕ್ಕಪ್ಪ ಪ್ರತಿದಿನವೂ ಹೊಗಳಿದರು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಜ್ವರ ಇಳಿಯಿತು, ಮೂತ್ರ ಕಡಿಮೆಯಾಯಿತು, ಪಾದಗಳು ಊದಿದವು. ಅವಳೇ ಆಸ್ಪತ್ರೆಗೆ ಸೇರಿಸಿದಳು.

"ವಯಸ್ಸಾಯ್ತಲ್ಲ ಅಕ್ಕ, ಸೋಂಕು ಕಿಡ್ನಿಗೆ ಪೆಟ್ಟು ಕೊಟ್ಟಿದೆ. ನೀವು ಮಾಡೋದೆಲ್ಲ ಮಾಡಿದ್ದೀರಿ," ಎಂದು ವೈದ್ಯೆ ಅವಳ ಭುಜದ ಮೇಲೆ ಕೈಯಿಟ್ಟಳು. ಯಾರಾದರೂ ಅವಳನ್ನು ಮುಟ್ಟಿ ಬಹಳ ಕಾಲವಾಗಿತ್ತು.

ಆ ಕೈಯನ್ನು ತೆಗೆಯದೆಯೇ ವೈದ್ಯೆ ಹಾಸಿಗೆಯತ್ತ ಬಾಗಿ, "ಬೇರೆ ಏನಾದ್ರೂ ತೊಂದರೆ ಇದೆಯಾ ತಾತ?" ಎಂದಳು. "ಕಿಡ್ನಿ ಮನೆ ಹಾಳಾಗ್ಲಿ ಡಾಕ್ಟ್ರಮ್ಮ, ನನ್ನ ಕಿವಿ ನೋಡಿ. ಜ್ವರ ಬಿಟ್ಟ ಮೇಲೆ ಪಿಯಾನೋ ಮುಂದೆ ಕೂತೆ. ಬಲತುದಿಯ ಎತ್ತರದ ಸ್ವರಗಳು ಕೇಳಿಸೋದೇ ಇಲ್ಲ! ಒತ್ತಿದ್ರೆ ಮರದ ಟಕ್ ಅನ್ನೋ ಸದ್ದಷ್ಟೇ." ಬೇರೆ ಯಾವ ಮುದುಕನೂ ಅಷ್ಟು ಬೇಗ ಗಮನಿಸದ ನಷ್ಟ ಅದು, ಮೂತ್ರಪಿಂಡದ ಲೆಕ್ಕವನ್ನಷ್ಟೇ ಹಾಕಿದ್ದ ಅವಳು ಕಿವಿಯನ್ನು ಮರೆತಿದ್ದಳು. ವೈದ್ಯೆಯ ಕೈ ಅವಳ ಭುಜದಿಂದ ಜಾರಿತು. ಸೆಫ್ಟ್ರಿಯಾಕ್ಸೋನ್ ಕಿವಿಯ ತಂಟೆಗೆ ಹೋಗುವುದಿಲ್ಲ. ಮೂತ್ರಪಿಂಡವನ್ನೂ ಕಿವಿಯನ್ನೂ ಒಟ್ಟಿಗೆ ಕೆಡಿಸುವ ಔಷಧ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ರಕ್ತ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಸ್ಪಷ್ಟವಾಗಿತ್ತು: ಹೊರಹಾಕಬೇಕಾದ ಮೂತ್ರಪಿಂಡವೇ ಸೋತಿದ್ದರಿಂದ, ಜೆಂಟಾಮೈಸಿನ್ ರಕ್ತದಲ್ಲಿ ಇನ್ನೂ ಉಳಿದಿತ್ತು.